ಉದ್ದಕೆರೆಗೆ ಬಂದ ಬಿಳಿ ಮರಿಗಳು

ಗ್ರಾಬೊವ್ಕಾ ಮೀನುಕೊಳಗಳು
ಅಕ್ಟೋಬರ್ 4, 1971

ಮಾನ್ಯ ಪಾನ್ ಯುರೆವಿಚ್ ಅವರಿಗೆ,

ನಾನು ಗೆನೊವೇಫಾ ಸ್ರೋಕಾ. ಇಲ್ಲಿನ ಕಾರ್ಪ್ ಮೀನಿನ ಕೊಳಗಳಲ್ಲಿ ಕೆಲಸಗಾರರಿಗೆ ಅಡುಗೆ ಮಾಡುವವಳು. ನಿಮ್ಮ ವಿಷಯ ಹೇಳಿದವನು ಮೀನಿನ ಲಾರಿಯ ಡ್ರೈವರ್ ಗುಸ್ತಾವ್. ಒಲ್ಶ್ಟಿನ್ ಪಟ್ಟಣದ ಉದ್ದಕೆರೆಯಲ್ಲಿ ದೋಣಿಮನೆ ನೋಡಿಕೊಳ್ಳುವವರು ನೀವು, ಕೆರೆಯ ಹಂಸಗಳಿಗೆ ಮೇವು ಹಾಕುವವರೂ ನೀವೇ ಎಂದ. ಹಿಂಡೆಲ್ಲ ಮುದಿಯಾಗುತ್ತಿದೆ, ಮೂರು ವರ್ಷದಿಂದ ಒಂದು ಮರಿಯೂ ಉಳಿದಿಲ್ಲ ಎಂದು ಅವನ ಮುಂದೆ ಗೋಳು ಹೇಳಿಕೊಂಡಿರಂತೆ. ನಿಮಗೆ ಮರಿ ಬೇಕು, ನನ್ನ ಮರಿಗಳಿಗೆ ನೀರು ಬೇಕು. ಈ ಕಾಗದದ ಜೊತೆ ಅವನ ಲಾರಿಯಲ್ಲೇ ಮೂರು ಹಂಸದ ಮರಿಗಳನ್ನು ಕಳಿಸುತ್ತಿದ್ದೇನೆ. ಶರತ್ಕಾಲದಲ್ಲಿ ನಾವು ಕೊಳದ ನೀರು ಬಿಟ್ಟು ಮೀನು ಬಾಚುತ್ತೇವೆ. ಆಮೇಲೆ ಇಲ್ಲಿ ಉಳಿಯುವುದು ಬರೀ ಕೆಸರು.

ಇವುಗಳ ತಾಯಿ ಜುಲೈನಲ್ಲಿ ಕರೆಂಟು ತಂತಿಗೆ ಬಡಿದು ಸತ್ತಿತು. ತಂದೆ ಎನ್ನಿಸಿಕೊಂಡವನು ಇವನ್ನು ಹತ್ತಿರ ಸೇರಿಸಲಿಲ್ಲ, ಅಟ್ಟಿ ಅಟ್ಟಿ ಕುಕ್ಕಿದ. ಕೆಲವು ಗಂಡಸರು ಹಾಗೆಯೇ. ಬೇಯಿಸಿದ ಬಾರ್ಲಿ, ಹೆಚ್ಚಿದ ಎಲೆಕೋಸು ಕೊಟ್ಟು ಸಾಕಿದವಳು ನಾನು. ನಮ್ಮ ನಿರ್ದೇಶಕರಿಗೆ ಹಂಸ ಎಂದರೆ ಮೀನಿನ ಮೇವು ಕದಿಯುವ ಕಳ್ಳ. ಹಿಂದಕ್ಕೆ ಕಳಿಸಿದರೆ ಇವುಗಳ ಗತಿ ಏನೆಂದು ಅವರು ನನ್ನ ಅಡುಗೆಮನೆಯ ಕಡೆ ಕೈ ತೋರಿಸಿಯೇ ಹೇಳಿದ್ದಾರೆ. ಆದ್ದರಿಂದ ದಯವಿಟ್ಟು ಹಿಂದಕ್ಕೆ ಕಳಿಸಬೇಡಿ.

ಹಂಸದ ಮರಿ ಎಂದರೆ ಬೂದುಬಣ್ಣ, ಆದರೆ ಇವು ಮೂರೂ ಹುಟ್ಟುವಾಗಲೇ ಬಿಳಿ. ಇಂಥವು ನಮ್ಮ ಕಡೆ ಆಗಾಗ ಹುಟ್ಟುತ್ತವೆ. ಹಾಲಿನಲ್ಲಿ ಅದ್ದಿ ತೆಗೆದಂತಿವೆ, ನೋಡಿ. ನಿಮ್ಮ ಪಟ್ಟಣಕ್ಕೆ ತಕ್ಕ ಮರಿಗಳು. ನನ್ನ ಬಳಿ ಇರುವುದು ಈ ಮೂರೇ.

ಗೆನೊವೇಫಾ ಸ್ರೋಕಾ

•

ಒಲ್ಶ್ಟಿನ್, ಉದ್ದಕೆರೆಯ ದೋಣಿಮನೆ
ಅಕ್ಟೋಬರ್ 11, 1971

ಮಾನ್ಯ ಪಾನಿ ಸ್ರೋಕಾ ಅವರಿಗೆ,

ಮರಿಗಳು ಬಂದು ಸೇರಿದವು. ಗುಸ್ತಾವ್ ದಾರಿಯುದ್ದಕ್ಕೂ ಅವುಗಳ ಜೊತೆ ಮಾತಾಡಿಕೊಂಡು ಬಂದನಂತೆ. ಅವನ ಹೆಂಡತಿಗೂ ಅಷ್ಟು ಮಾತು ಸಿಕ್ಕಿರಲಾರದು.

ಎಷ್ಟು ಬಿಳಿ. ಪೆಟ್ಟಿಗೆ ತೆರೆದಾಗ ದಡದಲ್ಲಿ ನಿಂತಿದ್ದ ಹೆಂಗಸರು, 'ಇವೇನು ಮದುವಣಗಿತ್ತಿಯರಾ' ಎಂದರು. ಸದ್ಯಕ್ಕೆ ದೋಣಿಮನೆಯ ಪಕ್ಕ, ನೀರಿನಲ್ಲೇ ತಂತಿಬೇಲಿ ಕಟ್ಟಿ ಒಳಗೆ ಬಿಟ್ಟಿದ್ದೇನೆ. ಹಿಂಡು ಹೊರಗಿನಿಂದ ನೋಡಲಿ, ಇವು ಒಳಗಿನಿಂದ ನೋಡಲಿ, ಮುಖ ಪರಿಚಯವಾಗಲಿ. ಆಮೇಲೆ ಬಾಗಿಲು ತೆಗೆದರಾಯಿತು.

ಹಿಂಡಿನ ಯಜಮಾನ ಒಬ್ಬ ಮುದಿ ಗಂಡು. ಅವನಿಗೆ ನಾನು ಪಟೇಲ ಎನ್ನುತ್ತೇನೆ. ಕೆರೆಯ ಕಂದಾಯ ತಾನೇ ವಸೂಲಿ ಮಾಡುವವನ ಹಾಗೆ ಓಡಾಡುತ್ತಾನೆ. ಬೇಲಿಯ ಬಳಿ ಬಂದು ನಿಮ್ಮ ಮಕ್ಕಳನ್ನು ನೋಡಿದ, ಬುಸ್ಸೆಂದ, ಹೋದ. ಊರಿನ ಹಿರಿಯರು ಮೊದಲು ಬುಸ್ಸೆನ್ನಲೇಬೇಕಲ್ಲ. ನಾನು ವಿಲ್ನೊ ಕಡೆಯವನು. ಯುದ್ಧ ಮುಗಿದು ಅದು ಗಡಿಯ ಆಚೆಗೆ ಹೋದ ಮೇಲೆ ಒಂದು ಸೂಟ್‌ಕೇಸು, ಒಂದು ಹೊಲಿಗೆ ಯಂತ್ರದ ಜೊತೆ ಇಲ್ಲಿ ಇಳಿದಾಗ ನನ್ನನ್ನು ಕಂಡೂ ಬುಸ್ಸೆಂದವರಿದ್ದರು. ಈಗ ಅವರೇ ನನ್ನ ಹತ್ತಿರ ದೋಣಿ ಕೇಳುತ್ತಾರೆ.

ಹಿಪೊಲಿತ್ ಯುರೆವಿಚ್

•

ಗ್ರಾಬೊವ್ಕಾ
ಅಕ್ಟೋಬರ್ 20, 1971

ಮಾನ್ಯ ಪಾನ್ ಯುರೆವಿಚ್,

ನಿಮ್ಮ ಕಾಗದದಲ್ಲಿ ನಿಮ್ಮ ಸೂಟ್‌ಕೇಸಿನ ವಿಷಯ ಇದೆ, ಮರಿಗಳು ಏನು ತಿನ್ನುತ್ತಿವೆ ಎಂಬುದಿಲ್ಲ. ಬ್ರೆಡ್ ಹಾಕಬೇಡಿ. ಪಟ್ಟಣದವರಿಗೆ ಹಂಸ ಕಂಡರೆ ಕೈ ತಾನಾಗಿ ಬ್ರೆಡ್ ಹರಿಯುತ್ತದೆ. ಬಾರ್ಲಿಯನ್ನು ಬಿಸಿ ಆರಿಸಿ ನೀರಿನ ಮೇಲೆ ಹಾಕಿ, ನೆಲದ ಮೇಲಲ್ಲ. ಎಲೆಕೋಸು ಸಣ್ಣಗೆ ಹೆಚ್ಚಿ. ಮೂವರಲ್ಲಿ ಚಿಕ್ಕವಳಿಗೆ ಸಂಕೋಚ, ಕೊನೆಗೆ ಬಂದು ತಿನ್ನುತ್ತಾಳೆ. ಅವಳ ಪಾಲು ತೆಗೆದಿಡಿ.

ಬಾಗಿಲು ತೆಗೆಯಲು ಅವಸರ ಬೇಡ. ತೆಗೆದ ದಿನ ಬರೆಯಿರಿ.

ಇಲ್ಲಿ ಕೊಳಗಳೆಲ್ಲ ಬರಿದಾದವು. ಎಲ್ಲಿ ನೋಡಿದರೂ ಬೂಟು, ಬಲೆ, ಕೆಸರು. ಸಂಜೆ ಗಂಡಸರು ಊಟ ಮಾಡಿ ಹೋದ ಮೇಲೆ ಹಿತ್ತಿಲ ಕೊಟ್ಟಿಗೆಗೆ ಹೋಗಿ ಸ್ವಲ್ಪ ಹೊತ್ತು ಕೂರುತ್ತೇನೆ. ಬೇರೇನೂ ವಿಶೇಷವಿಲ್ಲ.

ಗೆ. ಸ್ರೋಕಾ

•

ಒಲ್ಶ್ಟಿನ್
ನವೆಂಬರ್ 2, 1971

ಮಾನ್ಯ ಪಾನಿ ಸ್ರೋಕಾ,

ನಿನ್ನೆ ಸರ್ವಸಂತರ ಹಬ್ಬ. ಸಮಾಧಿಗಳಿಗೆ ದೀಪ ಹಚ್ಚಿ ಬಂದೆ. ನನ್ನವರೆಲ್ಲ ಮಲಗಿರುವುದು ವಿಲ್ನೊದಲ್ಲಿ, ಹಾಗಾಗಿ ಈ ಊರು ಜರ್ಮನರದ್ದಾಗಿದ್ದ ಕಾಲದ, ಈಗ ಯಾರೂ ಬಾರದ ಒಂದು ಹಳೆಯ ಸಮಾಧಿಗೆ ದೀಪ ಇಡುತ್ತೇನೆ. ಅಲ್ಲಿ ಯಾರಾದರೂ ನಮ್ಮ ಅಮ್ಮನಿಗೆ ಇಟ್ಟಿರಬಹುದು ಎಂಬ ಆಸೆ.

ಬಾಗಿಲು ತೆಗೆದೆ. ಮೊದಮೊದಲು ಸಣ್ಣಪುಟ್ಟ ಭಿನ್ನಾಭಿಪ್ರಾಯ ಇದ್ದದ್ದೇ. ಮರಿಗಳು ಚೆನ್ನಾಗಿ ತಿನ್ನುತ್ತಿವೆ. ಎಲೆಕೋಸು ಸಣ್ಣಗೇ ಹೆಚ್ಚುತ್ತೇನೆ. ಹವೆ ತಂಪಾಗಿದೆ. ದೋಣಿಗಳನ್ನು ಮೇಲೆತ್ತಿ ಡಾಂಬರು ಬಳಿಯುತ್ತಿದ್ದೇವೆ.

ಒಂದು ವಿಷಯ, ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಹಂಸದ ಎಡರೆಕ್ಕೆಯ ಕೀಲಿಗೆ ಪೆಟ್ಟಾದರೆ ವಾಸಿಯಾಗಲು ಎಷ್ಟು ದಿನ ಹಿಡಿಯುತ್ತದೆ? ಬಟ್ಟೆಯಿಂದ ಮೈಗೆ ಸೇರಿಸಿ ಕಟ್ಟುವುದು ಒಳ್ಳೆಯದೋ, ಹಾಗೇ ಬಿಡುವುದು ಒಳ್ಳೆಯದೋ?

ಹಿಪೊಲಿತ್ ಯುರೆವಿಚ್

•

ಗ್ರಾಬೊವ್ಕಾ
ನವೆಂಬರ್ 9, 1971

ಪಾನ್ ಯುರೆವಿಚ್,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗಾಯಿತು ನಿಮ್ಮದು. ಸುಮ್ಮನೆ ತಿಳಿದುಕೊಳ್ಳುವವರು ರೆಕ್ಕೆ ಎನ್ನುತ್ತಾರೆ, ಎಡರೆಕ್ಕೆ ಎನ್ನುವುದಿಲ್ಲ.

ಕಟ್ಟಿ. ತುಂಬ ಬಿಗಿ ಬೇಡ.

ಇನ್ನೊಂದು ಮಾತು. 'ಮರಿಗಳು' ಎಂದು ಬರೆದಿದ್ದೀರಿ. ಎಷ್ಟು ಎಂದು ಬರೆದಿಲ್ಲ. ನಿಮ್ಮ ಕಾಗದವನ್ನು ನಾಲ್ಕಾರು ಸಲ ಓದಿದೆ, ಎಲ್ಲಿಯೂ ಮೂರು ಎಂಬ ಮಾತಿಲ್ಲ. ಅಡುಗೆಯವಳಿಗೆ ಓದಲು ಬಾರದು ಎಂದುಕೊಂಡಿರೋ? ಇರುವುದನ್ನು ಇದ್ದ ಹಾಗೆ ಬರೆಯಿರಿ.

ಗೆ. ಸ್ರೋಕಾ

•

ಒಲ್ಶ್ಟಿನ್
ನವೆಂಬರ್ 16, 1971

ಪಾನಿ ಸ್ರೋಕಾ,

ಇರುವುದು ಎರಡು. ನಿಮ್ಮ ಸಂಕೋಚದ ಚಿಕ್ಕವಳು ಇಲ್ಲ.

ಬಾಗಿಲು ತೆಗೆದ ದಿನ ಮೂರೂ ಸಾಲಾಗಿ ಹೊರಗೆ ಬಂದವು. ಪಟೇಲ ದೂರದ ಜೊಂಡಿನ ಬಳಿ ಇದ್ದವನು ರೆಕ್ಕೆ ಎತ್ತಿ, ಕತ್ತು ಹಿಂದಕ್ಕೆ ಮಡಚಿ, ನೀರು ಸೀಳಿಕೊಂಡು ಬಂದ. ಕೊಂಚ ಕುಕ್ಕಿ ಬಿಟ್ಟಾನು ಎಂದುಕೊಂಡಿದ್ದೆ. ಅವನು ಅವಳ ಬೆನ್ನೇರಿ ತಲೆಯನ್ನು ನೀರಿನೊಳಗೆ ಅದುಮಿ ಹಿಡಿದ. ನಾನು ದೋಣಿ ಹಾಕಿ ಹುಟ್ಟು ಬೀಸಿಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು. ಇನ್ನೊಬ್ಬನ ರೆಕ್ಕೆಗೆ ಪೆಟ್ಟಾಯಿತು. ನಿಮಗೆ ಬರೆಯಲು ಕೂತೆ, ಬರಲಿಲ್ಲ. ಹವೆಯ ವಿಷಯ ಬರೆದೆ. ನಾಚಿಕೆಯಾಗುತ್ತಿದೆ.

ರೆಕ್ಕೆ ಜೋತ ಆ ಮರಿ, ನಾನು ಆ ಕಾಗದ ಬರೆದ ಮರುದಿನ, ಬೇಲಿಯ ಸಂದಿಯಲ್ಲಿ ನುಸುಳಿ ಎಲ್ಲೋ ಹೋಯಿತು. ಹುಡುಕಿ ಹುಡುಕಿ ಸಾಕಾದಾಗ ಸಿಕ್ಕಿದ್ದು ಎಲ್ಲಿ ಗೊತ್ತೇ, ಮಾಂಸದಂಗಡಿಯ ಸಾಲಿನಲ್ಲಿ. ಹೆಂಗಸರ ನಡುವೆ ತಾನೂ ನಿಂತಿತ್ತು.

"ಯಾರದ್ರೀ ಇದು, ಮಧ್ಯದಲ್ಲಿ ನುಗ್ಗಿದೆ?"

"ಹಿಂದೆ ಹೋಗಿ ನಿಲ್ಲೋಕೆ ಹೇಳ್ರೀ. ನಾವೇನು ಬೆಳಗ್ಗೆಯಿಂದ ಕಾಲು ನೋಯಿಸ್ಕೊಂಡು ನಿಂತಿಲ್ವಾ."

"ಕೂಸು ಕಣ್ರೀ ಅದು. ಕೂಸಿರೋರ್ನ ಮುಂದೆ ಬಿಡ್ಬೇಕು ಅಂತ ರೂಲ್ಸೇ ಇದೆಯಲ್ಲ."

"ಬಿಡಿ, ಬಿಡಿ, ಒಳಗೆ ಹೋಗ್ಲಿ. ಅಂಗಡೀಲಿ ಬೇರೇನೂ ಇಲ್ಲ, ಇದನ್ನೇ ತೂಗಿ ಕೊಡ್ತಾನೆ."

ಅಂದಿನಿಂದ ಅವನ ಹೆಸರು ಗಿರಾಕಿ. ಸಾಲಿನಲ್ಲಿದ್ದ ಒಬ್ಬಾಕೆ ತನ್ನ ತಲೆವಸ್ತ್ರ ಬಿಚ್ಚಿ ರೆಕ್ಕೆ ಕಟ್ಟಿದಳು. ಈಗ ಇಬ್ಬರೂ ಮತ್ತೆ ಬೇಲಿಯೊಳಗೆ ಇದ್ದಾರೆ.

ಪಟ್ಟಣದ ಉದ್ಯಾನ ವಿಭಾಗದವರು ಬಂದಿದ್ದರು. ಭಾನುವಾರ ಮಕ್ಕಳೆದುರು ಇಂಥದ್ದು ನಡೆಯಬಾರದು, ಹಿಮ ಕರಗಿ ಕೆರೆ ತೆರೆಯುವಷ್ಟರಲ್ಲಿ ಹಿಂಡು ಇವನ್ನು ಸೇರಿಸಿಕೊಳ್ಳದಿದ್ದರೆ ತೆಗೆಸಿಬಿಡುತ್ತೇವೆ ಎಂದರು. ಎಲ್ಲಿಗೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಈಗ ಕಹಿ ಮಾತು. ಮೊನ್ನೆ ಪಕ್ಕದ ಕೆರೆಯಿಂದ ದಾರಿ ತಪ್ಪಿದ ಒಂದು ಬೂದುಬಣ್ಣದ ಮರಿ ಬಂದಿಳಿಯಿತು. ನಿಮ್ಮವುಗಳಷ್ಟೇ ಗಾತ್ರ. ಪಟೇಲನ ಮೂಗಿನ ಕೆಳಗೇ ಮೇಯಿತು, ಅವನು ತಿರುಗಿಯೂ ನೋಡಲಿಲ್ಲ. ಅಂದರೆ ಅವನು ಮರಿಗಳನ್ನು ಹೊಡೆಯುವವನಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ಪಾನಿ ಸ್ರೋಕಾ, ಎರಡು ವರ್ಷದ ಬಲಿತ ಹಂಸಗಳನ್ನು ಮರಿಗಳೆಂದು ಹೇಳಿ ನನ್ನ ಕೊರಳಿಗೆ ಕಟ್ಟಿದಿರಾ?

ಹಿಪೊಲಿತ್ ಯುರೆವಿಚ್

•

ಗ್ರಾಬೊವ್ಕಾ
ನವೆಂಬರ್ 22, 1971

ಪಾನ್ ಯುರೆವಿಚ್,

ಈ ವರ್ಷದ ಜೂನ್ ತಿಂಗಳಲ್ಲಿ, ಸಂತ ಯೋಹಾನನ ಹಬ್ಬಕ್ಕೆ ಮೊದಲು, ಸ್ಟ್ರಾಬೆರಿ ಹಣ್ಣಾಗುವ ಹೊತ್ತಿಗೆ, ನನ್ನ ಕಣ್ಣೆದುರಿಗೆ ಮೊಟ್ಟೆ ಒಡೆದು ಬಂದ ಮರಿಗಳು ಅವು. ಚಿಕ್ಕವಳು ನನ್ನ ಏಪ್ರನ್ನಿನ ಜೇಬಿನಲ್ಲಿ ಮಲಗುತ್ತಿದ್ದಳು. ಅವಳನ್ನು ನೀರಿನಲ್ಲಿ ಮುಳುಗಿಸಿ ಕೊಲ್ಲಿಸಿ, ಈಗ ನನ್ನನ್ನು ಸುಳ್ಳಿ ಎನ್ನುತ್ತೀರಿ.

ಇನ್ನು ಬರೆಯಬೇಡಿ.

ಗೆನೊವೇಫಾ ಸ್ರೋಕಾ

•

ಒಲ್ಶ್ಟಿನ್
ಡಿಸೆಂಬರ್ 6, 1971

ಪಾನಿ ಗೆನೊವೇಫಾ,

ಬರೆಯಬೇಡಿ ಎಂದಿರಿ, ಬರೆಯುತ್ತಿದ್ದೇನೆ. ಬೇಕಾದರೆ ಒಲೆಗೆ ಹಾಕಿ, ಆದರೆ ಓದಿ ಹಾಕಿ.

ನಿಮ್ಮ ಕಾಗದ ಓದಿದ ಮೇಲೆ ಬೇಲಿಯೊಳಗೆ ಹೋಗಿ ಗಿರಾಕಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಬಲಿತ ಹಂಸದ ಕೊಕ್ಕು ಕಿತ್ತಳೆಯಾಗಿರುತ್ತದೆ. ಇವನ ಕೊಕ್ಕು ಇನ್ನೂ ಮಾಸಲು ಗುಲಾಬಿ. ಬಲಿತ ಹಂಸ ಬುಸುಗುಡುತ್ತದೆ, ಗೊರಗೊರ ಎನ್ನುತ್ತದೆ. ಇವನು ಇನ್ನೂ ಪೀಪಿಯ ಹಾಗೆ ಕೂಗುತ್ತಾನೆ. ಹಸಿ ಮಗು. ಬಟ್ಟೆ ಮಾತ್ರ ದೊಡ್ಡವರದು. ನಾನು ದೊಡ್ಡ ಮಾತಾಡಿಬಿಟ್ಟೆ, ತಪ್ಪಾಯಿತು.

ಈಗ ನನಗೆ ಅರ್ಥವಾಗುತ್ತಿದೆ. ಬೂದು ಎಂದರೆ ಮಗು, ಬಿಳಿ ಎಂದರೆ ತನ್ನ ರಾಜ್ಯ ಕೇಳಲು ಬಂದ ಗಂಡಸು. ಪಟೇಲನಿಗೆ ಗೊತ್ತಿರುವ ಕಾನೂನು ಅಷ್ಟೇ. ಅವನು ಪುರುಸೊತ್ತು ಮಾಡಿಕೊಂಡು ಇವುಗಳ ಕೊಕ್ಕು ಪರೀಕ್ಷೆ ಮಾಡುತ್ತಾನೆಯೇ? ಇವು ಬೂದು ಮರಿಗಳ ಗುಂಪಿನಲ್ಲಿ ಒಂದಾಗಿ ಬಂದರೆ ಅವನು ಮೋಸ ಹೋಗಬಹುದೇನೋ. ಆದರೆ ಬೂದು ಮರಿಗಳನ್ನು ಎಲ್ಲಿಂದ ತರಲಿ? ದಾರಿ ತಪ್ಪಿ ಬಂದದ್ದು ಎರಡೇ ದಿನಕ್ಕೆ ಹೊರಟುಹೋಯಿತು. ನಿಮ್ಮ ಸುತ್ತಮುತ್ತ ಯಾರ ಬಳಿಯಾದರೂ ಇದ್ದರೆ ಹೇಳಿ.

ಚಿಕ್ಕವಳನ್ನು ದೋಣಿಮನೆಯ ಹಿಂದೆ ಬರ್ಚ್ ಮರದ ಬುಡದಲ್ಲಿ ಮಣ್ಣು ಮಾಡಿದ್ದೇನೆ.

ಹಿಪೊಲಿತ್

•

ಗ್ರಾಬೊವ್ಕಾ
ಡಿಸೆಂಬರ್ 18, 1971

ಪಾನ್ ಹಿಪೊಲಿತ್,

ಒಲೆಗೆ ಹಾಕಲಿಲ್ಲ.

ಈ ಕಾಗದದ ಜೊತೆ ಕ್ರಿಸ್ಮಸ್ ಸಂಜೆ ಮುರಿದು ಹಂಚಿಕೊಳ್ಳುವ ಹಿಟ್ಟಿನ ತೆಳು ಬಿಲ್ಲೆ ಎರಡು ಇಟ್ಟಿದ್ದೇನೆ. ಬಿಳಿಯದು ನಿಮಗೆ. ಅದರ ಒಂದು ಮೂಲೆ ಮುರಿದು ನಾನು ಇಟ್ಟುಕೊಂಡಿದ್ದೇನೆ, ಹಾಗಾಗಿ ನಾವು ಹಂಚಿಕೊಂಡ ಹಾಗೆಯೇ ಲೆಕ್ಕ. ಜಗಳ ಉಳಿಸಿಕೊಂಡು ಬಿಲ್ಲೆ ಮುರಿಯಬಾರದು ಎಂದು ನಮ್ಮಮ್ಮ ಹೇಳುತ್ತಿದ್ದಳು. ಗುಲಾಬಿಯದು ಪ್ರಾಣಿಗಳದು, ಹಂಸಗಳಿಗೆ ಕೊಡಿ. ಪಟೇಲನಿಗೂ ಕೊಡಿ. ಕೊಡಲು ನನಗೆ ಮನಸ್ಸಿಲ್ಲ, ಆದರೂ ಕೊಡಿ.

ಬೂದು ಮರಿಗಳು ಯಾರ ಬಳಿಯಾದರೂ ಇವೆಯೇ ಎಂದು ಕೇಳಿದ್ದೀರಿ. ಇವೆ. ನನ್ನ ಹಿತ್ತಿಲ ಕೊಟ್ಟಿಗೆಯಲ್ಲಿ ಮೂರು ಇವೆ.

ಒಂದೇ ಗೂಡಿನಲ್ಲಿ ಆರು ಹುಟ್ಟಿದವು, ಮೂರು ಬಿಳಿ, ಮೂರು ಬೂದು. ನಿಮಗೆ ಕೊಡಬೇಕಾಗಿ ಬಂದಾಗ ಚೆಂದದವನ್ನು ಆರಿಸಿದೆ. ನಮ್ಮಲ್ಲಿ ಯಾರ ಮನೆಗಾದರೂ ಏನಾದರೂ ಕಳಿಸುವುದಿದ್ದರೆ ಕೋಳಿಗಳಲ್ಲಿ ಕೊಬ್ಬಿದ್ದು, ಸೇಬಿನಲ್ಲಿ ಕಲೆ ಇಲ್ಲದ್ದು ಕೊಡಬೇಕು. ಮಾಸಿದ ಗೋಣಿಯಂಥ ಮರಿಗಳನ್ನು ಪಟ್ಟಣಕ್ಕೆ ಕಳಿಸಿದರೆ ನನ್ನ ಮರ್ಯಾದೆ ಏನಾದೀತು ಎಂದುಕೊಂಡೆ. ಆ ನನ್ನ ಮರ್ಯಾದೆಯೇ ಚಿಕ್ಕವಳನ್ನು ಕೊಂದಿತು. ಅವರಪ್ಪ ಅಟ್ಟುತ್ತಿದ್ದದ್ದೂ ಬಿಳಿಯವನ್ನೇ. ಬೂದು ಮರಿಗಳು ಅವನ ಬಾಲಕ್ಕೇ ಅಂಟಿಕೊಂಡಿರುತ್ತಿದ್ದವು. ಕಣ್ಣಿಗೆ ಕಂಡದ್ದು ತಲೆಗೆ ಹೋಗಲಿಲ್ಲ. ಕೆಟ್ಟ ಗಂಡಸು ಎಂದು ಬೈದು ಸುಮ್ಮನಾದೆ.

ಬೂದು ಮೂರನ್ನು ಮುಚ್ಚಿಟ್ಟದ್ದು ಏಕೆಂದು ನೀವು ಕೇಳುತ್ತೀರಿ. ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ಗಂಡ ಸತ್ತು ಒಂಬತ್ತು ವರ್ಷವಾಯಿತು. ಸಂಜೆಯ ಹೊತ್ತು ನನ್ನ ಹೆಜ್ಜೆ ಸದ್ದು ಕೇಳಿ ಎದ್ದು ನಿಲ್ಲುವ ಜೀವ ಈ ಮನೆಯಲ್ಲಿ ಬೇರೆ ಇಲ್ಲ. ನಿರ್ದೇಶಕರಿಗೂ ಹೇಳಿಲ್ಲ. ಕೊಟ್ಟಿಗೆಯಲ್ಲಿ ಬಾತುಕೋಳಿ ಇದೆ ಎಂದಿದ್ದೇನೆ.

ಅವು ಹೋದರೆ ಮನೆ ಖಾಲಿ. ಅವು ಬರದಿದ್ದರೆ ನಿಮ್ಮ ಇಬ್ಬರು ಉಳಿಯುವುದಿಲ್ಲ. ಏನು ಮಾಡಲಿ ಎಂದು ಕೇಳುತ್ತಿಲ್ಲ, ಏನು ಮಾಡಬೇಕೆಂದು ಗೊತ್ತಿದೆ. ಯಾವಾಗ ತರಲಿ ಎಂದು ಕೇಳುತ್ತಿದ್ದೇನೆ. ಗುಸ್ತಾವನ ಲಾರಿಗೆ ಹಾಕುವುದಿಲ್ಲ, ನಾನೇ ತರುತ್ತೇನೆ.

ಗೆನೊವೇಫಾ

•

ಒಲ್ಶ್ಟಿನ್
ಡಿಸೆಂಬರ್ 27, 1971

ಪಾನಿ ಗೆನೊವೇಫಾ,

ಮೂಲೆ ಮುರಿದ ಬಿಲ್ಲೆ ಬಂದು ಸೇರಿತು. ಹಬ್ಬದ ಸಂಜೆ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿದ್ದೆ, ಒಂದು ನನಗೆ, ಒಂದು ಬಾಗಿಲು ತಟ್ಟಿ ಬರಬಹುದಾದ ಅಪರಿಚಿತರಿಗೆ. ಎಲ್ಲರ ಮನೆಯಲ್ಲೂ ಇಡುತ್ತಾರೆ. ಯಾರೂ ಬರುವುದಿಲ್ಲ, ಬಂದರೆ ಗಾಬರಿಯಾಗುತ್ತೇವೆ. ಆದರೂ ಇಡುತ್ತೇವಲ್ಲ, ಅದೇ ದೊಡ್ಡದು. ಈ ಹಂಸಗಳಿಗೆ ಅಷ್ಟನ್ನಾದರೂ ಕಲಿಸಬೇಕಿತ್ತು. ಗುಲಾಬಿ ಬಿಲ್ಲೆಯನ್ನು ಪಟೇಲ ಒಬ್ಬನೇ ನುಂಗಿ ಉಳಿದವರ ಪಾಲಿಗೂ ಕತ್ತು ಚಾಚಿದ. ಪ್ರಾಣಿಗಳು ಆ ರಾತ್ರಿ ಮಾತಾಡುತ್ತವೆ ಎನ್ನುತ್ತಾರೆ. ಅವನು ಮಾತಾಡಿದ್ದರೂ ನಾನು ಕೇಳಿಸಿಕೊಳ್ಳುತ್ತಿರಲಿಲ್ಲ.

ಚಿಕ್ಕವಳ ವಿಷಯದಲ್ಲಿ ನಿಮ್ಮನ್ನು ನೀವೇ ಹೊಡೆದುಕೊಳ್ಳಬೇಡಿ. ಬಾಗಿಲು ತೆಗೆದವನು ನಾನು. ಅರ್ಧರ್ಧ ಹೊತ್ತುಕೊಳ್ಳೋಣ.

ಈಗಲೇ ಬನ್ನಿ. ಕೆರೆ ಹೆಪ್ಪುಗಟ್ಟಿದೆ, ಸಣ್ಣ ತೊರೆ ಬಂದು ಸೇರುವ ಕಡೆ ಮಾತ್ರ ಒಂದು ಅಂಗಳದಷ್ಟು ನೀರು ಉಳಿದಿದೆ. ಇಡೀ ಹಿಂಡು ಅಲ್ಲಿಯೇ ಒತ್ತಿಕೊಂಡು ನಿಂತಿದೆ. ರಾಜ್ಯವೆಲ್ಲ ಮಂಜುಗಡ್ಡೆಯಾದ ಮೇಲೆ ಪಟೇಲ ಯಾರನ್ನು ಎಲ್ಲಿಂದ ಓಡಿಸುತ್ತಾನೆ? ಹಸಿದ ಹೊಟ್ಟೆಗೆ ಗಡಿ ನೆನಪಿರುವುದಿಲ್ಲ. ಮೊದಲು ಬೂದು ಮರಿಗಳು, ಅವು ಬೆರೆತ ಮೇಲೆ ನಮ್ಮ ಇಬ್ಬರು.

ನೀವು ನನ್ನ ಕೋಣೆಯಲ್ಲಿ ಇರಿ. ನಾನು ದೋಣಿಮನೆಯಲ್ಲಿ ಮಲಗುತ್ತೇನೆ, ಅಲ್ಲಿ ಒಲೆ ಇದೆ. ಯಾವ ರೈಲು ಎಂದು ತಂತಿ ಕೊಡಿ.

ಹಿಪೊಲಿತ್

•

ಗ್ರಾಬೊವ್ಕಾ
ಜನವರಿ 30, 1972

ಹಿಪೊಲಿತ್,

ಕ್ಷೇಮವಾಗಿ ತಲುಪಿದೆ. ಖಾಲಿ ಪೆಟ್ಟಿಗೆಗಳು ಕೈಗೆ ಎಷ್ಟು ಹಗುರ ಎಂದು ರೈಲಿನಲ್ಲಿ ಅಳು ಬಂತು. ಎದುರು ಕೂತಿದ್ದ ಪಾದ್ರಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದರು. ಇಲ್ಲ, ಮಕ್ಕಳನ್ನು ಬೋರ್ಡಿಂಗ್ ಶಾಲೆಗೆ ಬಿಟ್ಟು ಬಂದೆ ಎಂದೆ. ಒಂದು ಮಿಠಾಯಿ ಕೊಟ್ಟರು.

ಕಣ್ಣು ಮುಚ್ಚಿದರೆ ಆ ದಿನವೇ ಕಾಣುತ್ತದೆ. ಬೂದು ಮೂವರು ನೀರಿಗಿಳಿದು ನಾಚಿಕೆಯಿಲ್ಲದೆ ಹಿಂಡಿನ ನಡುವೆ ನುಗ್ಗಿ ಬಾರ್ಲಿ ಬಾಚಿದರಲ್ಲ. ಅಪ್ಪಟ ಹಳ್ಳಿಯವರು. ಆಮೇಲೆ ನೀವು ಬಿಳಿಯರಿಬ್ಬರನ್ನು ಬಿಟ್ಟಾಗ ಅವು ಗುರುತು ಹಿಡಿದು ಕೂಗಿಕೊಂಡು ಬಂದು ಇವರ ಸುತ್ತ ನೆರೆದವು. ಐವರು ಒಂದೇ ಮುದ್ದೆ. ಪಟೇಲ ರೆಕ್ಕೆ ಎತ್ತಿದ. ನೀವು ನನ್ನ ಕೈ ಹಿಡಿದಿದ್ದು ಆಮೇಲೆ ಗೊತ್ತಾಯಿತು. ಯಾರನ್ನು ಹೊಡೆಯಬೇಕೆಂದು ಅವನಿಗೆ ತೋಚಲಿಲ್ಲ. ರೆಕ್ಕೆ ಇಳಿಸಿ ಮತ್ತೆ ತಿನ್ನತೊಡಗಿದ.

ನಿಮ್ಮ ಕಟ್ಟಡದ ಹೆಂಗಸರ ಕಣ್ಣಿಗಿಂತ ಪಟೇಲನೇ ವಾಸಿ. ಮೆಟ್ಟಿಲು ಹತ್ತುವಾಗ ಒಬ್ಬಾಕೆ ಕೇಳಿದಳು, "ಪಾನಿ ಯಾವ ಕಡೆಯೋರು? ಮಾತು ಬೇರೆ ಥರ ಇದೆಯಲ್ಲ." ನಾನು, "ನೀವು ಯಾವ ಕಡೆಯೋರು?" ಎಂದೆ. ಅವಳು ಲ್ವೂವ್ ಕಡೆಯವಳಂತೆ, ಪಕ್ಕದವಳು ಯುಕ್ರೇನಿನವಳಂತೆ, ಕೆಳಗಿನವಳು ವಾರ್ಸಾದವಳಂತೆ. ಅಲ್ಲೇ ಹುಟ್ಟಿದವರು ಒಬ್ಬರೂ ಇಲ್ಲದ ಮನೆಯಲ್ಲಿ ನಾನೊಬ್ಬಳೇ ಹೊರಗಿನವಳು.

ಇನ್ನೊಂದು ವಿಷಯ ಅಲ್ಲಿದ್ದಾಗ ಹೇಳಲಿಲ್ಲ. ಏಪ್ರಿಲ್‌ನಿಂದ ಇಲ್ಲಿನ ಅಡುಗೆಮನೆ ಮುಚ್ಚುತ್ತಾರೆ. ಅದರ ಬಗ್ಗೆ ಈಗ ಚರ್ಚೆ ಬೇಡ. ಭಯ ಬೇರೆಯೇ ಇದೆ. ಚಳಿಯಲ್ಲಿ ಒತ್ತಿಕೊಂಡು ನಿಲ್ಲುವುದು ಸ್ನೇಹವಲ್ಲ. ಕೆರೆ ತೆರೆದು ಪಟೇಲನಿಗೆ ರಾಜ್ಯ ಮರಳಿ ಬಂದ ದಿನ ಏನು ಮಾಡುತ್ತಾನೆ? ಆ ದಿನ ಬರೆಯಿರಿ. ಇದ್ದದ್ದನ್ನು ಇದ್ದ ಹಾಗೆ.

ಗೆನೊವೇಫಾ

•

ಒಲ್ಶ್ಟಿನ್
ಮಾರ್ಚ್ 26, 1972

ಗೆನೊವೇಫಾ,

ನಿನ್ನೆ ಕೆರೆ ತೆರೆಯಿತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಬೆಳಗಿನಿಂದಲೇ ಹುಟ್ಟು ಹಿಡಿದು ದಡದಲ್ಲಿ ನಿಂತಿದ್ದೆ. ಉದ್ಯಾನ ವಿಭಾಗದವರೂ ಬಂದು ನಿಂತಿದ್ದರು. ಮಾಂಸದಂಗಡಿಯ ಸಾಲಿನಲ್ಲಿದ್ದ ಹೆಂಗಸರಲ್ಲಿ ಅರ್ಧ ಜನ ಅಲ್ಲೇ ಇದ್ದರು. "ಗಿರಾಕಿಗೆ ಏನಾದ್ರೂ ಆದ್ರೆ ನಿಮ್ಮ ಆಫೀಸಿನ ಮುಂದೆ ಸಾಲು ನಿಲ್ತೀವಿ ನೋಡಿ, ನಮಗೆ ಅಭ್ಯಾಸ ಇದೆ" ಎಂದು ಅವರು ಅಧಿಕಾರಿಗೆ ಹೇಳುತ್ತಿದ್ದರು. ಹಿಂಡು ಚೆದುರಿತು. ಪಟೇಲ ತನ್ನ ಜೊಂಡಿನ ಕಡೆ ಹೋದ. ನಮ್ಮ ಐವರು ಕೆರೆಯ ನಡುವೆ ಇದ್ದರು, ಗಿರಾಕಿ ಎಲ್ಲರಿಗಿಂತ ಹಿಂದೆ. ಅವನ ಎಡರೆಕ್ಕೆ ಇನ್ನೂ ಸ್ವಲ್ಪ ಜೋತೇ ಇದೆ.

ಆಗ ಪಟೇಲ ತಿರುಗಿದ. ರೆಕ್ಕೆ ಎತ್ತಿ, ಕತ್ತು ಮಡಚಿ, ಅಂದಿನಂತೆಯೇ ನೀರು ಸೀಳಿಕೊಂಡು ನೇರ ಗಿರಾಕಿಯ ಕಡೆ ಬಂದ. ನಾನು ನೀರಿಗೆ ಇಳಿದುಬಿಟ್ಟೆ. ಸೊಂಟದವರೆಗೆ ಮಂಜಿನ ನೀರು, ಗೊತ್ತಾಗಲೇ ಇಲ್ಲ. ಕೂಗಿದೆ. ಅವನು ಬಂದ, ಗಿರಾಕಿಯನ್ನು ಮುಟ್ಟದೆ ಪಕ್ಕದಲ್ಲೇ ಹಾದು ಮುಂದೆ ಹೋದ.

ಆಚೆ ಒಂದು ಪರಸ್ಥಳದ ಗಂಡು ಬಂದಿಳಿದಿತ್ತು, ಗೆನೊವೇಫಾ. ನಾವು ಯಾರೂ ನೋಡಿರಲಿಲ್ಲ. ಪಟೇಲ ಬಂದದ್ದು ಅವನಿಗಾಗಿ. ನಮ್ಮ ಗಿರಾಕಿ ಏನು ಮಾಡಿದ ಗೊತ್ತೇ? ತಾನೂ ತಿರುಗಿದ. ಜೋತ ರೆಕ್ಕೆಯನ್ನು ಆದಷ್ಟು ಎತ್ತಿ, ಪಟೇಲನ ಬಾಲದ ಹಿಂದೆಯೇ, ಅವನಿಗಿಂತ ಜೋರಾಗಿ ಬುಸುಗುಟ್ಟುತ್ತಾ ಹೋದ. ನಿನ್ನೆ ಮೊನ್ನೆ ಬಂದವನು, 'ಇದು ನಮ್ಮ ಕೆರೆ, ನೀನ್ಯಾರು' ಎಂದು ಹೊರಗಿನವನನ್ನು ಅಟ್ಟಿದ. ಇಬ್ಬರೂ ಅಕ್ಕಪಕ್ಕದಲ್ಲಿ ಹಿಂತಿರುಗಿದರು. ಪಟೇಲ ಅವನ ಕಡೆ ನೋಡಲೂ ಇಲ್ಲ, ಮನೆಯವರನ್ನು ಯಾರು ನೋಡುತ್ತಾರೆ.

ಆ ಪರದೇಶಿ ಗಂಡನ್ನು ನೆನೆದರೆ ಪಾಪ ಎನ್ನಿಸುತ್ತದೆ. ಆದರೂ ನಾನು ನೀರಿನಲ್ಲಿ ನಿಂತು ಅತ್ತೆ. ದಡದ ಮೇಲೆ ಚಪ್ಪಾಳೆ ತಟ್ಟುತ್ತಿದ್ದರು. ಅಧಿಕಾರಿ ಟೋಪಿ ಸರಿಮಾಡಿಕೊಂಡು, "ಸರಿ, ಇರ್ಲಿ ಬಿಡಿ" ಎಂದು ಹೊರಟುಹೋದರು.

ಈಗ ನನ್ನ ಮಾತು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ನಿಮ್ಮ ಅಡುಗೆಮನೆ ಮುಚ್ಚುತ್ತದೆ ಎಂದಿರಿ. ಬೇಸಿಗೆಗೆ ದೋಣಿಮನೆಯಲ್ಲಿ ಟೀ, ಸೂಪು ಮಾರುವ ಕಿಟಕಿಗೆ ಜನ ಬೇಕು, ಅದು ನೆಪ. ಐವರು ನಿಮ್ಮ ಹೆಜ್ಜೆ ಸದ್ದಿಗೆ ಎದ್ದು ನಿಲ್ಲುವವರು ಇಲ್ಲಿದ್ದಾರೆ, ಅದು ಎರಡನೆಯ ನೆಪ. ನಿಜ ಏನೆಂದರೆ ನಿಮ್ಮ ಹೆಜ್ಜೆ ಸದ್ದು ನನಗೂ ಬೇಕು. ನನಗೆ ಐವತ್ತೆಂಟು. ಹೊಲಿಗೆ ಯಂತ್ರ ಇನ್ನೂ ನಡೆಯುತ್ತದೆ. ಬನ್ನಿ.

ಹಿಪೊಲಿತ್

•

ಗ್ರಾಬೊವ್ಕಾ
ಏಪ್ರಿಲ್ 4, 1972

ಹಿಪೊಲಿತ್,

ಮೊದಲನೆಯದಾಗಿ, ಮಂಜಿನ ನೀರಿಗೆ ಸೊಂಟದವರೆಗೆ ಇಳಿದವರು ಆಮೇಲೆ ಒಣ ಬಟ್ಟೆ ಹಾಕಿಕೊಂಡಿರೋ ಇಲ್ಲವೋ ಬರೆದಿಲ್ಲ. ಬೆನ್ನಿಗೆ ಹೆಬ್ಬಾತಿನ ಕೊಬ್ಬು ಹಚ್ಚಿಸಿಕೊಳ್ಳಿ, ಯಾರಾದರೂ ಹಚ್ಚುವವರಿದ್ದರೆ.

ನಿಮ್ಮ ಕಾಗದವನ್ನು ಗುಸ್ತಾವನಿಗೆ ಓದಿ ಹೇಳಿದೆ, ಕೊನೆಯ ಭಾಗ ಬಿಟ್ಟು. ಗಿರಾಕಿ ಬುಸುಗುಟ್ಟಿದ ಕಡೆ ಇಬ್ಬರೂ ಅತ್ತೆವು. ಆಮೇಲೆ ಅವನು, "ಪಾನಿ ಗೆನೊವೇಫಾ, ಅಲ್ಲಿ ಇನ್ನೂ ಏನೋ ಬರ್ದಿದೆಯಲ್ಲ, ಹಾಳೆ ತುಂಬಿದೆ" ಎಂದ. ನಿನಗೆ ಸಂಬಂಧಪಟ್ಟದ್ದಲ್ಲ, ಮೀನು ತುಂಬು ಹೋಗು ಎಂದೆ. ಹೋಗುವಾಗ ಅವನು ಸಿಳ್ಳೆ ಹಾಕುತ್ತಿದ್ದ.

ಮೂರು ದಿನ ಯೋಚಿಸಿದೆ. ನನಗೆ ಭಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಐವತ್ತನಾಲ್ಕು ವರ್ಷ ಒಂದೇ ಕೆಸರಿನಲ್ಲಿ ಇದ್ದವಳು. ನಿಮ್ಮ ಮೆಟ್ಟಿಲ ಮೇಲೆ ನನ್ನ ಮಾತಿನ ಧಾಟಿಗೆ ನಗುತ್ತಾರೆ, ನನ್ನ ಸೂಪಿಗೆ ಮೂಗು ಮುರಿಯುತ್ತಾರೆ. ಸತ್ತವಳು ಆ ಸಂಕೋಚದ ಚಿಕ್ಕವಳೇ ತಾನೇ, ಜೋರಿನವರಲ್ಲ. ನಾನು ಬಾಯಿ ಜೋರು ಮಾಡುತ್ತೇನಾದರೂ ಒಳಗೆ ಅವಳ ಹಾಗೆಯೇ, ಕೊನೆಗೆ ಬಂದು ತಿನ್ನುವವಳು. ಇದು ಯಾರಿಗೂ ಗೊತ್ತಿಲ್ಲ, ಈಗ ನಿಮಗೆ ಗೊತ್ತಾಯಿತು.

ಹದಿನೈದರ ಬೆಳಗಿನ ರೈಲಿಗೆ ಬರುತ್ತೇನೆ. ಸಾಮಾನು ಹೆಚ್ಚಿಲ್ಲ, ದೊಡ್ಡ ಪಾತ್ರೆ ಒಂದು ಇದೆ, ಅದಕ್ಕೆ ಇಬ್ಬರು ಬೇಕು. ನಿಮ್ಮ ಕಟ್ಟಡದವರಿಗೆ ಮೊದಲೇ ಹೇಳಿಡಿ. ನಿನ್ನೆ ಕನ್ನಡಿಯಲ್ಲಿ ಚೆನ್ನಾಗಿ ನೋಡಿಕೊಂಡೆ. ನನ್ನ ತಲೆ ಇನ್ನೂ ಪೂರ್ತಿ ಬೆಳ್ಳಗಾಗಿಲ್ಲ, ಬೂದುಬಣ್ಣದಲ್ಲೇ ಇದೆ. ಸೇರಿಸಿಕೊಳ್ಳುವುದಿದ್ದರೆ ಇದೇ ಸಮಯ.

ಗೆನೊವೇಫಾ